ತೊಕುಯೆಯ ಹೊಟ್ಟೆ ಮತ್ತು ಎ ಗುಂಪಿನ ಸಿದ್ಧಾಂತ

ಹೆಂಡತಿ "ಅಯ್ಯಮ್ಮಾ" ಎಂದದ್ದು ಕೇಳಿಸಿದ್ದೇ ತಡ, ತಮ್ಮ ಸಾರ್ವಜನಿಕ ಸ್ನಾನಗೃಹದ ಬಾಯ್ಲರ್ ಕೋಣೆಯಿಂದ ಓಡಿಬಂದ ಗಿಂಜಿ ಸೋಪಿನ ಮೇಲೆ ಕಾಲಿಟ್ಟು, ಕೂತ ಭಂಗಿಯಲ್ಲೇ ಜಾರಿಕೊಂಡು ಹೆಂಗಸರು ಬಟ್ಟೆ ಬದಲಿಸುವ ಕೋಣೆಯ ನಟ್ಟನಡುವೆ ಬಂದು ಸೇರಿದ. ಕಿರುಚಾಟ ಎದ್ದಿತು. ಒಂದು ಪ್ಲಾಸ್ಟಿಕ್ ಬೋಗುಣಿ ತಲೆಗೆ ಬಡಿಯಿತು. ಮಾನವಂತನಾದ ಅವನು ಕಣ್ಣು ಗಟ್ಟಿಯಾಗಿ ಮುಚ್ಚಿ, ಎದ್ದು, ಸೊಂಟ ಬಗ್ಗಿಸಿ ಕ್ಷಮೆ ಕೇಳಿದ. ಕಣ್ಣು ಬಿಟ್ಟಾಗ ಎದುರಿಗಿದ್ದದ್ದು ತೂಕದ ಯಂತ್ರ.

"ಅದು ಕ್ಷಮಿಸ್ತಂತೆ. ಈಗ ಇತ್ತ ನೋಡಪ್ಪ, ನಿನ್ನ ಹೆಂಡ್ತಿ ಬಿಳಿಚ್ಕೊಂಡಿದಾಳೆ," ಎಂದಳು ಟವೆಲ್ ಸುತ್ತಿಕೊಂಡಿದ್ದ ಉಪ್ಪಿನಕಾಯಿ ಅಂಗಡಿಯ ಮಿಸಾವೊ ಅಜ್ಜಿ.

ಗಂಡಸರ ಬದಿ, ಹೆಂಗಸರ ಬದಿ ಎರಡೂ ಕಾಣುವಂತೆ ನಡುವೆ ಕಟ್ಟಿದ ಎತ್ತರದ ಗಲ್ಲಾದಲ್ಲಿ ತೊಕುಯೆ ಬಲಗಡೆಯ ಕಿಬ್ಬೊಟ್ಟೆ ಒತ್ತಿಕೊಂಡು ಮುದುಡಿದ್ದಳು.

"ಅಪೆಂಡಿಕ್ಸೇ ಕಣೇ ಇದು," ಎಂದಳು ಅಜ್ಜಿ.

"ನಾನು ಓ ಗುಂಪಿನ ರಕ್ತದವಳು ಅಜ್ಜಿ. ನಮಗೆ ಅದು ಬರಲ್ಲ."

ಒಸಾಕಾದ ಆ ಬೀದಿಯಲ್ಲಿ ಈ ಮಾತಿಗೆ ಎದುರಾಡುವವರಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಸ್ನಾನದ ಮನೆಯ ಗಲ್ಲಾದಲ್ಲಿ ಕೂತು ಇಡೀ ಪೇಟೆಯ ಬೆತ್ತಲೆ ಹೊಟ್ಟೆಗಳನ್ನು ನೋಡಿದವಳು ಅವಳು. ಅಂಚೆಯವನಿಗೆ ಜನರ ವಿಳಾಸ ಗೊತ್ತು. ತೊಕುಯೆಗೆ ಅವರ ಹೊಲಿಗೆ ಗೊತ್ತು. ತೋಫು ಮಾಡುವ ಮನೆಯ ತಾತ, ಮಗ, ಮೊಮ್ಮಗ ಸಾಲಾಗಿ ತೊಟ್ಟಿಗಿಳಿದರೆ ಮೂವರಿಗೂ ಅದೇ ಜಾಗದಲ್ಲಿ ಅದೇ ಅಪೆಂಡಿಕ್ಸ್ ಆಪರೇಷನ್ನಿನ ಗೀರು, ಮನೆತನದ ಮುದ್ರೆ ಒತ್ತಿದ ಹಾಗೆ. ಚಿಲ್ಲರೆ ಕೊಡುತ್ತಲೇ ರಕ್ತದ ಗುಂಪು ವಿಚಾರಿಸಿದಳು. ಮೂವರೂ ಎ. ಸಿದ್ಧಾಂತ ಅಲ್ಲೇ ಹುಟ್ಟಿತು: ಎ ಗುಂಪಿನವರು ಎಲ್ಲವನ್ನೂ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಾರೆ, ಅದು ಮೂಲೆಗೆ ಹೋಗಿ ಕೊಳೆಯುತ್ತದೆ. ಓ ಗುಂಪಿನವರು ಆಗಿಂದಾಗಲೇ ಬಾಯಿಂದ ಖಾಲಿ ಮಾಡಿಬಿಡುತ್ತಾರೆ.

ರಕ್ತದ ಗುಂಪು ನೋಡಿಯೇ ಸ್ವಭಾವ ಹೇಳುವ ಅಲ್ಲಿಯ ಜನರ ಲೆಕ್ಕದಲ್ಲಿ ಗಿಂಜಿ ಅಪ್ಪಟ ಎ. ಬೋಗುಣಿಗಳನ್ನು ಬಣ್ಣ ನೋಡಿ ಪೇರಿಸುವವನು. ಸಿದ್ಧಾಂತ ಕೇಳಿದ ಮೇಲೆ ತನ್ನ ಒಳಚಡ್ಡಿ, ಹಲ್ಲುಜ್ಜುವ ಬ್ರಷ್ಷು ತುಂಬಿದ ಆಸ್ಪತ್ರೆಯ ಚೀಲವನ್ನು ಬಾಗಿಲ ಬಳಿ ಸಿದ್ಧವಾಗಿಟ್ಟಿದ್ದ. ಪ್ರತಿ ಚಳಿಗಾಲಕ್ಕೂ ಅದರೊಳಗೆ ಉಣ್ಣೆ ಕಾಲುಚೀಲ ಸೇರುತ್ತಿತ್ತು. ಹೊಟ್ಟೆ ಮಾತ್ರ ನೋಯಲೇ ಇಲ್ಲ.

ಈಗ ಹೆಂಡತಿಯ ಹಣೆ ಸುಡುತ್ತಿತ್ತು. ಅಪೆಂಡಿಕ್ಸ್ ಒಡೆದರೆ ಜೀವಕ್ಕೇ ಸಂಚಕಾರ ಎಂದು ಬೀದಿಗೆಲ್ಲ ಹೇಳಿದವಳೇ ಅವಳು.

"ಆಸ್ಪತ್ರೆಗೆ ಹೋಗೋಣ ಕಣೇ."

"ಹೋದ್ರೆ ಜನ ಏನಂತಾರ‍್ರೀ? ನನ್ನ ಮಾತು ನಂಬಿ ಎಷ್ಟು ಸಂಬಂಧ ಕುದುರಿವೆ!"

ಗಿಂಜಿ ಬೆವರಿದ. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿಲ್ಲ. "ಅಲ್ಲಿರೋ ಡಾಕ್ಟರಿಗೆ ಇದೆಲ್ಲ ಗೊತ್ತಿಲ್ವಂತೆ. ಪಾಪ, ಚಿಕ್ಕ ವಯಸ್ಸು. ನೀನೇ ಹೋಗಿ ತಿಳಿಸಿ ಬಾ."

ತೊಕುಯೆ ಆ ಕ್ಷಣವೇ ಗಲ್ಲಾದಿಂದ ಇಳಿದಳು. ಗಂಡನ ಒಳಚಡ್ಡಿಗಳ ಸಮೇತ ಟ್ಯಾಕ್ಸಿ ಹತ್ತಿದಳು.

ಡಾಕ್ಟರ್ ಕಿಶಿನೊ ಹೊಟ್ಟೆಯನ್ನು ಒತ್ತಿ, ತಟ್ಟನೆ ಕೈ ಬಿಟ್ಟರು. ತೊಕುಯೆಯ ಉಪನ್ಯಾಸ ನೋವಿನ ಕೂಗಿನೊಂದಿಗೆ ಅಲ್ಲಿಗೆ ನಿಂತಿತು.

ಬೆಳಿಗ್ಗೆ, ಆಪರೇಷನ್ ಮುಗಿದ ಮೇಲೆ ಡಾಕ್ಟರ್ ಹೇಳಿದರು: "ಇನ್ನು ಸ್ವಲ್ಪ ತಡ ಆಗಿದ್ರೆ ಒಡೆದೇಹೋಗ್ತಿತ್ತು. ಅಂದಹಾಗೆ ಅಮ್ಮ, ನಿಮ್ಮದು ಓ ಅಲ್ಲ, ಎ. ಮುಂಚೆ ಪರೀಕ್ಷೆ ಮಾಡಿದ್ದು ಯಾರು?"

"ಪರೀಕ್ಷೆ ಯಾಕೆ? ಇಷ್ಟು ಚೆಲ್ಲುಚೆಲ್ಲು ಹುಡುಗಿ ಓ ಅಲ್ದೆ ಇನ್ನೇನು ಅಂತ ನಮ್ಮಮ್ಮನೇ ಹೇಳಿದ್ಲು." ಹೇಳುತ್ತಿದ್ದವಳ ಮುಖ ಅರಳಿತು. "ರೀ! ಎ ಅಂತೆ! ನನ್ನ ಮಾತೇ ನಿಜ ಆಯ್ತಲ್ರೀ!" ಎಂದು ನಕ್ಕಳು, ಹೊಲಿಗೆ ಹಿಡಿದುಕೊಂಡು ಅಯ್ಯೋ ಎಂದಳು, ಮತ್ತೆ ನಕ್ಕಳು.

"ಹೆತ್ತವರಿಗೆ, ಒಡಹುಟ್ಟಿದವರಿಗೆ ಬಂದಿದ್ರೆ ಸಾಧ್ಯತೆ ಸ್ವಲ್ಪ ಜಾಸ್ತಿ, ನಿಜ," ಎಂದರು ಡಾಕ್ಟರ್. "ರಕ್ತದ ಗುಂಪಿನ ವಿಷಯ ಮಾತ್ರ ಕೆಲವರು ಹೌದಂತಾರೆ, ಕೆಲವರು ಇಲ್ಲ ಅಂತಾರೆ. ಇತ್ಯರ್ಥ ಆಗಿಲ್ಲ."

"ಸ್ನಾನಕ್ಕೆ ಬನ್ನಿ ಡಾಕ್ಟ್ರೇ, ಇತ್ಯರ್ಥ ನಾನು ಮಾಡ್ಕೊಡ್ತೀನಿ."

ಡಾಕ್ಟರ್ ಹೊರಟರು. ಓ ಗುಂಪಿನವಳೆಂದೇ ಮದುವೆಯಾಗಿದ್ದ ಗಿಂಜಿ ಕುರ್ಚಿಯಲ್ಲಿ ಕುಸಿದ. "ನೀನೂ ಎ ಆದ್ರೆ, ಇಷ್ಟು ವರ್ಷ ಚಪ್ಪಲಿ ಒಂದೊಂದು ದಿಕ್ಕಿಗೆ ಎಸೆದು, ಬಾಯಿಗೆ ಬಂದದ್ದೆಲ್ಲ ಒದರ್ತಿದ್ದೆಯಲ್ಲ, ಅದೇನೇ?"

ತೊಕುಯೆ ಹೊದಿಕೆ ಸರಿಮಾಡಿಕೊಂಡಳು.

"ಅದು ಹೊಸಾ ಮನೆ, ಹೊಸಾ ಗಂಡ ಅಂತ ತಡ್ಕೊಂಡು ಒದರಿದ್ದು ರೀ."