ಭಾಲ್ಕಿ ತಂಬಿಗೆ, ಔರಾದ ತಂಬಿಗೆ

ಔರಾದದ ಬಸ್ ಸ್ಟ್ಯಾಂಡಿನ ಎದುರು ಔಷಧಿ ಅಂಗಡಿ ಇಟ್ಟುಕೊಂಡಿರುವ ಶಿವಕಾಂತನಿಗೆ ಬಿಪಿ ಇಲ್ಲ, ಸಕ್ಕರೆ ಇಲ್ಲ. ಇರುವ ಕಾಯಿಲೆ ಒಂದೇ. ಅದರ ಹೆಸರು ನಾಹೀದ.

ಹನ್ನೆರಡು ವರ್ಷದ ಹಿಂದೆ, ಈ ಸೀಮೆಯಲ್ಲಿ ಬ್ಲಾಗ್ ಎಂದರೇನು ಎಂದು ಕೇಳುವವರೂ ಇಲ್ಲದಾಗ, ಅವನು ‘ಗುಳಿಗೆ ಡಬ್ಬಿ’ ಶುರು ಮಾಡಿದ. ಗುಳಿಗೆಯ ಕೋರ್ಸ್ ಅರ್ಧಕ್ಕೇ ಯಾಕೆ ಬಿಡಬಾರದು, ಜ್ವರಕ್ಕೆಲ್ಲ ಇಂಜೆಕ್ಷನ್ ಯಾಕೆ ಬೇಡ, ಇಂಥವನ್ನೆಲ್ಲ ಪುಸ್ತಕ ತಿರುವಿ, ಕೊನೆಗೆ ಆಧಾರಗಳ ಪಟ್ಟಿ ಕೊಟ್ಟು ಬರೆದ. ಒಂದೊಂದಕ್ಕೂ ಎರಡು ಕಾಮೆಂಟು ಬಂದರೆ ಹೆಚ್ಚು. ಅದರಲ್ಲಿ ಒಂದು ಹೆಂಡತಿಯ ತಮ್ಮನದು. ಆ ಮಹಾಶಯ ಓದದೆಯೇ ‘ಸೂಪರ್ ಮಾಮಾ’ ಎಂದು ಒತ್ತಿ ಕಳಿಸುತ್ತಿದ್ದ.

ಬೀದರ, ಭಾಲ್ಕಿ, ಔರಾದ ಕಡೆ ವಿಜ್ಞಾನದ, ವೈದ್ಯದ ಬ್ಲಾಗ್ ಬರೆಯುವ ಹದಿನೈದಿಪ್ಪತ್ತು ಜನರನ್ನು ಒಟ್ಟು ಮಾಡಿ, ಎರಡು ತಿಂಗಳಿಗೊಂದು ಭಾನುವಾರ ಬೀದರದಲ್ಲಿ ಸಭೆ ಸೇರುವಂತೆ ಮಾಡಿದವನೂ ಅವನೇ. ಆ ಬಳಗದ ಕಟ್ಟಳೆಯೂ ಅವನದೇ. ತಪ್ಪು ಬರೆದವರು ಅದನ್ನು ಅಳಿಸುವಂತಿಲ್ಲ. ತಪ್ಪಿನ ಮೇಲೆ ಗೀಟು ಎಳೆದು, ಕೆಳಗೆ ಸರಿಯಾದದ್ದು ಬರೆದು, ತೋರಿಸಿಕೊಟ್ಟವರ ಹೆಸರು ಹಾಕಬೇಕು. ಅಳಿಸಿದವನು ಸುಳ್ಳ ಎಂದು ಅವನು ಪ್ರತಿ ಸಭೆಯಲ್ಲೂ ಹೇಳುತ್ತಿದ್ದ.

ಅಂಥ ಬಳಗಕ್ಕೆ ಮೂರು ವರ್ಷದ ಹಿಂದೆ ಬಂದವಳು ಭಾಲ್ಕಿಯ ನರ್ಸು ನಾಹೀದ. ಅವಳ ಬರಹದಲ್ಲಿ ಆಧಾರಗಳ ಪಟ್ಟಿ ಇಲ್ಲ, ಏನಿಲ್ಲ. ತಾಯಿ ಕುಲಸುಮಬೀ ಕೇಳಿದ ಪ್ರಶ್ನೆ ಮೇಲೆ, ತನ್ನ ಉತ್ತರ ಕೆಳಗೆ. ನಮ್ಮ ಅಮ್ಮೀಗೆ ಸಕ್ಕರೆ ಅದ, ಹಲೀಮ್ ತಿನ್ನಬಹುದಾ ಎಂದು ಶುರು ಮಾಡುತ್ತಿದ್ದಳು. ಜನ ಮುಗಿಬಿದ್ದರು. ಐವತ್ತು ಕಾಮೆಂಟು, ಅರವತ್ತು ಕಾಮೆಂಟು. ಶಿವಕಾಂತ ಬೆಳಗ್ಗೆ ಅಂಗಡಿ ತೆರೆದು ದೇವರಿಗೆ ಊದಿನಕಡ್ಡಿ ಹಚ್ಚುವ ಮೊದಲು ಅವಳ ಬ್ಲಾಗ್ ತೆರೆದು ಕಾಮೆಂಟು ಎಣಿಸುತ್ತಿದ್ದ, ಮತ್ತು ಹೊಟ್ಟೆ ಉರಿದುಕೊಳ್ಳುತ್ತಿದ್ದ.

ಹೆಂಡತಿ ಸಿದ್ದೇಶ್ವರಿ ಒಂದು ಸಲ ಮುಖಕ್ಕೇ ಹೇಳಿದ್ದಳು. “ನೀವು ಬರ್ದಿದ್ದು ಪರೀಕ್ಷೆ ಪೇಪರ್ ಇದ್ದಂಗ ಅದರಿ. ಆಕಿ ಬರ್ದಿದ್ದು ಮನ್ಯಾಗ ಕೂತು ಮಾತಾಡ್ದಂಗ ಅದ.”

ಅವತ್ತು ಅವನು ಊಟ ಬಿಟ್ಟ. ಹೆಂಡತಿಯೂ ಆ ಕಡೆಯವಳೇ ಆದಳಲ್ಲ ಎಂಬ ಸಿಟ್ಟು ವಾರವಿಡೀ ಇಳಿಯಲಿಲ್ಲ.

ಈ ಸಲ ಮುಂಗಾರಿನ ಮಿರಗದ ಮಳೆ ಬಿದ್ದದ್ದೇ ತಡ, ಊರೂರಲ್ಲಿ ವಾಂತಿಭೇದಿ ಶುರುವಾಯಿತು. ಗುರುವಾರ ಬೆಳಗ್ಗೆ ನಾಹೀದ ಓಆರ್‌ಎಸ್ ಪುಡಿ ಕಲಸುವ ಬಗೆ ಬರೆದಳು. ‘ಅಳತೆ ಲೋಟ ಎಲ್ಲರ ಮನೆಯಲ್ಲಿ ಇರುವುದಿಲ್ಲ. ತಂಬಿಗೆ ಇದ್ದೇ ಇರುತ್ತದೆ. ಒಂದು ದೊಡ್ಡ ಪಾಕೀಟು, ಒಂದು ತಂಬಿಗೆ ನೀರು.’

ಶಿವಕಾಂತ ಎರಡು ಸಲ ಓದಿದ. ಭಾಲ್ಕಿಯಲ್ಲಿ ಅವಳ ಮನೆಯ ತಾಮ್ರದ ತಂಬಿಗೆಗೆ ಒಂದು ಲೀಟರ್ ಹಿಡಿದೀತು. ಔರಾದ, ಸಂತಪುರದ ಮನೆಗಳಲ್ಲಿರುವುದು ಸ್ಟೀಲಿನ ಸಣ್ಣ ತಂಬಿಗೆ, ಅರ್ಧ ಲೀಟರ್ ಹಿಡಿದರೆ ಪುಣ್ಯ. ಒಂದು ಲೀಟರಿಗೆ ಹಾಕಬೇಕಾದ ಪುಡಿ ಅರ್ಧಕ್ಕೆ ಬಿದ್ದರೆ ಉಪ್ಪು ಎರಡರಷ್ಟು. ಮಕ್ಕಳಿಗೆ ಅದು ಅಪಾಯ.

ಅವನಿಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ಮೂರು ವರ್ಷದಲ್ಲಿ ಅಷ್ಟು ಖುಷಿ ಅವನಿಗೆ ಆಗಿರಲಿಲ್ಲ. ಅವಳ ನಂಬರು ಫೋನಿನಲ್ಲೇ ಇತ್ತು. ಮಾಡಲಿಲ್ಲ. ಬದಲಿಗೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಬರೆದ: ‘ಭಾಲ್ಕಿ ಸಿಸ್ಟರಿನ ತಂಬಿಗೆ.’ ತಪ್ಪು ಹಿಡಿದವರಲ್ಲಿ ತಾನೇ ಮೊದಲಿಗನೆಂಬುದಕ್ಕೆ ಯಾರೂ ತಕರಾರು ತೆಗೆಯಬಾರದು ನೋಡಿ, ಮೊದಲ ಸಾಲಿನಲ್ಲೇ ‘ಗುರುವಾರ ಬೆಳಗ್ಗೆ ಒಂಬತ್ತೂವರೆಗೆ ಈ ತಪ್ಪು ನನ್ನ ಕಣ್ಣಿಗೆ ಬಿತ್ತು’ ಎಂದು ಹಾಕಿದ. ಭಾನುವಾರ ಹತ್ತು ಗಂಟೆಗೆ, ಬೀದರದ ಸಭೆ ಶುರುವಾಗುವ ಹೊತ್ತಿಗೆ ಸರಿಯಾಗಿ, ತಾನಾಗಿಯೇ ಪ್ರಕಟವಾಗುವಂತೆ ಸಮಯ ಕೊಟ್ಟಿಟ್ಟ.

ಶನಿವಾರ ಸಂತಪುರದಿಂದ ಸೌಂದರ್ಯಾ ಎಂಬಾಕೆ ಅಂಗಡಿಗೆ ಬಂದಳು. “ಅಣ್ಣಾ, ಓಆರ್‌ಎಸ್ ಇನ್ನೊಂದು ಕೊಡ್ರಿ. ಮಗಳಿಗಿ ಜುಲಾಬ ಹತ್ಯಾವ. ಒಂದು ಪಾಕೀಟ ಕುಡ್ಸೀನಿ, ಆದ್ರೂ ಬರೇ ನೀರಡಿಕಿ ನೀರಡಿಕಿ ಅಂತಾಳ.”

“ಹ್ಯಾಂಗ ಕಲಸೀರಿ?”

“ಒಂದು ತಂಬಿಗಿ ನೀರಾಗ. ನಾಹೀದ ಸಿಸ್ಟರ್ ಬರ್ದಾರಲ್ರಿ.” ಎಷ್ಟು ದೊಡ್ಡ ತಂಬಿಗೆ ಎಂದು ಕೇಳಿದ್ದಕ್ಕೆ ಅವಳು ಗೇಣಿಗಿಂತ ಕಡಿಮೆ ಎತ್ತರ ತೋರಿಸಿದಳು.

ಶಿವಕಾಂತ ಗಡಬಡಿಸಿ ಎದ್ದ. ಖಾಲಿ ಲೀಟರ್ ಬಾಟಲಿ ಕೊಟ್ಟು, ಇದರ ತುಂಬ ನೀರಿಗೆ ಒಂದು ಪಾಕೀಟು, ಈಗಲೇ ಮಗುವನ್ನು ದವಾಖಾನೆಗೆ ತೋರಿಸಿ ಎಂದು ಎರಡೆರಡು ಸಲ ಹೇಳಿ ಕಳಿಸಿದ. ಆಮೇಲೆ ಫೋನ್ ಕೈಗೆತ್ತಿಕೊಂಡು ನಾಹೀದಳ ಹೆಸರಿನ ತನಕ ಹೋದ. ಇನ್ನೊಂದು ದಿನ ತಾನೇ ಎಂದು ಕೆಳಗಿಟ್ಟ.

ಭಾನುವಾರ ಸಭೆಯಲ್ಲಿ ಮೊದಲು ಎದ್ದವಳು ನಾಹೀದಳೇ. ಪ್ರೊಜೆಕ್ಟರ್ ಹಚ್ಚಿ ಗೋಡೆಯ ಮೇಲೆ ತನ್ನ ಬ್ಲಾಗ್ ಮೂಡಿಸಿದಳು. ತಂಬಿಗೆಯ ಸಾಲಿನ ಮೇಲೆ ಗೀಟು ಬಿದ್ದಿತ್ತು. ಕೆಳಗೆ ‘ಒಂದು ಲೀಟರ್’ ಎಂಬ ತಿದ್ದುಪಡಿ, ಅದರ ಕೆಳಗೆ ಶಿವಕಾಂತನ ಹೆಸರು.

“ನನ್ನ ತಪ್ಪು ಭಾಳ ದೊಡ್ಡದದರಿ. ನಿನ್ನೆ ಸಂಜಿಗಿ ಸಂತಪುರದ ಸೌಂದರ್ಯಾ ಕಾಮೆಂಟ್ ಹಾಕ್ಯಾರ, ಶಿವಕಾಂತ ಅಣ್ಣಾರು ಹೇಳಿದ್ರಂತ. ದವಾಖಾನಿಗಿ ಹೋದ ಮ್ಯಾಲ ಹುಡುಗಿ ಈಗ ಆರಾಮ ಅದಾಳಂತ. ಅಣ್ಣಾರು ಇರ್ಲಿಲ್ಲ ಅಂದ್ರ ಏನಾಗ್ತಿತ್ತೋ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನಿಗಾಗಿ ಬಿದ್ದ ಚಪ್ಪಾಳೆ. ಶಿವಕಾಂತ ಉಬ್ಬಿ ಹೋದ, ಗಡಿಯಾರ ಮರೆತ.

“ಅಣ್ಣಾರ ಬ್ಲಾಗ್ ಎಲ್ರೂ ಓದ್ರಿ, ಅದಕ್ಕೇ ಲಿಂಕ್ ಕೊಟ್ಟೀನಿ,” ಎಂದು ನಾಹೀದ ಅದನ್ನು ಒತ್ತಿದಳು. ಗೋಡೆಯ ಮೇಲೆ ‘ಗುಳಿಗೆ ಡಬ್ಬಿ’ ತೆರೆಯಿತು. ಆಗ ಗಂಟೆ ಹತ್ತು ದಾಟಿ ಹತ್ತು ನಿಮಿಷ. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಭಾಲ್ಕಿ ಸಿಸ್ಟರಿನ ತಂಬಿಗೆ.

ಇಡೀ ಕೋಣೆ ಓದಿತು. ನಾಹೀದಳೂ ಓದಿದಳು. ತಿರುಗಿ ನೋಡಿ, ಮೆಲ್ಲಗೆ ಕೇಳಿದಳು. “ಗುರುವಾರನೇ ಗೊತ್ತಿತ್ತೇನ್ರಿ ಅಣ್ಣಾ?”

ಅವನ ಬೆರಳು ತನ್ನ ಫೋನಿನಲ್ಲಿ ‘ಅಳಿಸು’ ಹುಡುಕಿ ನಿಂತಿತು. ಕಟ್ಟಳೆ ಹಾಕಿದವನು ಅವನೇ. ಎಲ್ಲರೂ ನೋಡುತ್ತಿರುವಂತೆಯೇ ಬರಹದ ಮೇಲೆ ಗೀಟು ಎಳೆದು ಕೆಳಗೆ ಬರೆದ: ‘ತಿದ್ದುಪಡಿ. ಗುರುವಾರದಿಂದ ನಾನು ಬೇಕೆಂದೇ ಸುಮ್ಮನಿದ್ದೆ. ಅವಳಿಗಿದ್ದಷ್ಟು ಓದುಗರು ನನಗೆ ಇರಲಿಲ್ಲ, ಅದಕ್ಕೆ.’

ಸಂಜೆ ಔರಾದಕ್ಕೆ ಮರಳುವ ಬಸ್ಸಿನಲ್ಲಿ ತೆರೆದು ನೋಡಿದ. ಎಪ್ಪತ್ತೊಂದು ಕಾಮೆಂಟು. ಅವಳಿಗೆ ಯಾವತ್ತೂ ಅಷ್ಟು ಬಂದಿಲ್ಲ ಎಂಬುದೇ ಮೊದಲು ತಲೆಗೆ ಬಂತು. ಆಮೇಲೆ ಎಲ್ಲಕ್ಕಿಂತ ಮೇಲಿನದನ್ನು ಓದಿದ. ಸೌಂದರ್ಯಾ ಬರೆದಿದ್ದಳು.

“ಅಣ್ಣಾ, ನಾ ಕುಡ್ಸಿದ್ದು ಶುಕ್ರವಾರ.”