ಅವ್ವನ ಹೀರೋಗೆ ಸೊಮಾಲಿ ಗಂಟಲು

ಖಾನಾಪುರದಿಂದ ಅವ್ವ ಬೆಳಗಾವಿಯ ನಮ್ಮ ಮನೆಗೆ ಬಂದ ಮೂರನೆಯ ದಿನಕ್ಕೇ ಮಾಳಿಗೆಯ ಬಾಡಿಗೆದಾರನ ಬಗ್ಗೆ ಅವಳಿಗೆ ಚಿಂತೆ ಹತ್ತಿತು. ಅವನು ಫಾರ್ಮಸಿ ಓದಲು ಸೊಮಾಲಿಯಾದಿಂದ ಬಂದ ತರುಣ, ಎತ್ತರದ ಆಳು, ಮೆತ್ತಗಿನ ಮಾತು. ಅಂದು ಭಾನುವಾರ, ಮಧ್ಯಾಹ್ನ ಮೇಲಿನಿಂದ ಒಬ್ಬನೇ ಗಂಡಸು ಗದರಿಸುವುದು, ಅಳುವುದು, ಮತ್ತೆ ತಾನೇ ಸಮಾಧಾನ ಹೇಳುವುದು ಕೇಳಿಸುತ್ತಿತ್ತು.

"ಒಬ್ಬಾಂವನ ಜಗಳಾ ಆಡಾಕತ್ತಾನ. ಪರದೇಶಿ ಕೂಸು, ಯಾರದೋ ದೃಷ್ಟಿ ಆಗೇತಿ" ಎಂದು ಅವ್ವ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲು ಹತ್ತಿದಳು. ನಾನು ಹಿಂದೆ ಓಡಿದೆ.

ಅವನು ಲ್ಯಾಪ್‌ಟಾಪಿನಲ್ಲಿ ಸೊಮಾಲಿಗೆ ಡಬ್ ಆದ ಹಿಂದಿ ಸಿನಿಮಾ ನೋಡುತ್ತಿದ್ದ. ಹೀರೋ, ಹೀರೋಯಿನ್, ಅವಳ ತಾಯಿ, ಪೊಲೀಸ್, ಎಲ್ಲರಿಗೂ ಒಬ್ಬನೇ ಗಂಡಸಿನ ಗಂಟಲು. ಹಾಡು ಬಂದಾಗ ಮಾತ್ರ ಆ ಡಬ್ಬಿಂಗಿನಾತ ಸುಮ್ಮನಾಗುತ್ತಿದ್ದ. ಹಾಡು ಹಿಂದಿಯಲ್ಲೇ ಇತ್ತು. ಅವ್ವ ತನ್ನ ತಲೆಯ ಸುತ್ತ ಮೂರು ಸಲ ಮೆಣಸಿನಕಾಯಿ ನಿವಾಳಿಸುವಾಗಲೂ ಬಾಡಿಗೆದಾರ ಪರದೆಯಿಂದ ಕಣ್ಣು ಕೀಳಲಿಲ್ಲ.

"ಸಣ್ಣಾಂವ ಇದ್ದಾಗಿಂದ ಹಿಂಗ ನೋಡೇನ್ರಿ ಅಜ್ಜಿ" ಎಂದ, ಸಂತೆಯಲ್ಲಿ ಕಲಿತ ಕನ್ನಡದಲ್ಲಿ. "ಇಲ್ಲಿ ಬಂದು ನೋಡಿದ್ರ ಹೀರೋ ಹಿಂದಿ ಮಾತಾಡ್ತಾನ! ಭಾಳ ಬ್ಯಾಸರಾತ್ರಿ. ಅದು ಅವನ ಧ್ವನಿ ಅಲ್ರಿ."

ಅವ್ವನಿಗೆ ಅವನ ಸಂಕಟ ಪೂರ್ತಿ ಅರ್ಥವಾಯಿತು. ಮೂವತ್ತು ವರ್ಷ ಅವಳ ಹೀರೋಗಳಿಗೆಲ್ಲ ನನ್ನದೇ ಧ್ವನಿಯಿತ್ತಲ್ಲ! ಖಾನಾಪುರದ ಟಾಕೀಜಿನಲ್ಲಿ ಅವಳ ಕಿವಿಗೆ ಬಾಯಿಟ್ಟು ಹಿಂದಿಯನ್ನು ಕನ್ನಡ ಮಾಡುವುದು ನನ್ನ ಕೆಲಸ. ಮುಂದೆ ಕೂತವರು ತಿರುಗಿ ಬೈಯುತ್ತಿದ್ದರು. ಹಿಂದಿನ ಹೆಂಗಸರು ಮಾತ್ರ "ಜರಾ ಜೋರ ಹೇಳವಾ" ಎನ್ನುತ್ತಿದ್ದರು. ಸಂತೆಯಲ್ಲಿ ಮರಾಠಿಯಲ್ಲಿ ಪಟಪಟ ಚೌಕಾಸಿ ಮಾಡುವ ಅವ್ವ, ಹಿಂದಿ ಮಾತ್ರ ತನ್ನ ತಲೆಗೆ ಹತ್ತುವುದಿಲ್ಲ ಎಂದು ಕೈ ಕೊಡವಿಬಿಡುತ್ತಿದ್ದಳು.

ಅಪ್ಪ ತೀರಿಕೊಂಡ ವರ್ಷ ಅವಳನ್ನು ಮೊದಲ ಸಲ ಮನೆಯಿಂದ ಹೊರಗೆ ಕರೆದುಕೊಂಡು ಹೋದದ್ದೂ ಸಿನಿಮಾಕ್ಕೇ. ಕೊನೆಗೆ ಹೀರೋ ಗುಂಡು ತಿಂದು ಹೆಂಡತಿಯ ಮಡಿಲಲ್ಲಿ ಸತ್ತ. ಅವ್ವ ನನ್ನ ಕೈ ಹಿಸುಕಿ "ಏನಾತ?" ಅಂದಳು. ಸತ್ತ ಎನ್ನಲು ನನಗೆ ಬಾಯಿ ಬರಲಿಲ್ಲ.

"ಏನಿಲ್ಲವ್ವಾ, ಎಚ್ಚರ ತಪ್ಪೇತಿ. ದವಾಖಾನಿಗೆ ಒಯ್ಯಾಕತ್ತಾರ" ಎಂದೆ. ನಾಲ್ವರು ಅವನನ್ನು ಹೆಗಲ ಮೇಲೆ ಹೊತ್ತು ನಡೆದದ್ದಕ್ಕೂ, "ರಸ್ತಾ ಸಣ್ಣದೈತಿ, ಗಾಡಿ ಬರಂಗಿಲ್ಲ" ಎಂದು ಕಾರಣ ಕೊಟ್ಟೆ. ಅಂದಿನಿಂದ ನನ್ನ ಬಾಯಲ್ಲಿ ಒಬ್ಬ ಹೀರೋನೂ ಸತ್ತಿಲ್ಲ.

ಈಗ ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದುದು ಅದೇ ಸಿನಿಮಾ. ಅವ್ವ ಗುರುತು ಹಿಡಿದು ಚಾಪೆಯ ಮೇಲೆ ಕುಳಿತೇಬಿಟ್ಟಳು. ಇಷ್ಟು ವರ್ಷದ ಸುಳ್ಳು ಇವತ್ತು ಬಯಲಾದರೆ ಅವಳ ಮುಖ ಹೇಗೆ ನೋಡಲಿ? ಊಟ ಆರುತ್ತಿದೆ ಎಂದೆ, ಫೋನು ಬಂದಿದೆ ಎಂದೆ. ಅವ್ವ ಏಳಲಿಲ್ಲ.

ಗುಂಡು ಹಾರಿತು. ಸೊಮಾಲಿ ಗಂಟಲು ಹೆಂಡತಿಯಾಗಿ ಬಿಕ್ಕಿತು. ನಮ್ಮ ಬಾಡಿಗೆದಾರ ಕಣ್ಣೊರೆಸಿಕೊಂಡು "ಸತ್ತಾನ್ರಿ ಅಜ್ಜಿ" ಎಂದ.

ಅವ್ವ ಅವನ ಬೆನ್ನು ಸವರಿದಳು.

"ಅಳಬ್ಯಾಡಪಾ. ನಿಮ್ಮ ಭಾಷಾದಾಗ ಸತ್ತಿರಬೇಕು. ಕನ್ನಡದಾಗ ದವಾಖಾನಿಗೆ ಒಯ್ದಾರ, ಆರಾಮ ಆಗ್ಯಾನ." ಆಮೇಲೆ ನನ್ನ ಕಡೆ ತಿರುಗಿದಳು. "ರಸ್ತಾ ಸಣ್ಣದಿತ್ತು ಅಂತ ಹೆಗಲ ಮ್ಯಾಲ ಹೊತಗೊಂಡು ಹೋದ್ರು. ಹೌದಿಲ್ಲವಾ?"

"ಹೌದವ್ವಾ" ಎಂದೆ.