ಮಿಂಕ್ ಕಂಬಳಿಯೊಳಗಿನ ಹಾಲು

ಅಬ್ಬಿ ಮೂರು ದಿನ ಕಷ್ಟಪಟ್ಟು ಮಾಡಿಟ್ಟಿದ್ದ ಐಸನ್ನು ನಾನು ಮೂರು ನಿಮಿಷದಲ್ಲಿ ಸಿಂಕಿಗೆ ಸುರಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮ ಮನೆಯಲ್ಲಿ ಈ ಕತೆಯನ್ನು ಯಾರು ಹೇಳಿದರೂ ಅಲ್ಲಿಂದಲೇ ಶುರುಮಾಡುತ್ತಾರೆ, ನನ್ನ ಗಂಡನಂತೂ ಕೈಸನ್ನೆ ಸಮೇತ.

ಅಬ್ಬಿ ಎಂದರೆ ನನ್ನ ಅಮ್ಮ. ಕುಂದಾಪುರದ ಕಡೆ ನಾವು ಹಾಗೆಯೇ ಕರೆಯುವುದು. ಗಂಗೊಳ್ಳಿಯ ಬಂದರಿನಲ್ಲಿ ಮೀನು ಕೊಂಡು, ತಲೆಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮಾರಿ ನನ್ನನ್ನು ಓದಿಸಿದವಳು. ನನ್ನ ಬಾಣಂತನಕ್ಕೆಂದು ವಿಸಿಟ್ ವೀಸಾದಲ್ಲಿ ದುಬೈಗೆ ಬಂದಿದ್ದಳು. ಆಗ ನಾವಿದ್ದದ್ದು ಡಿಸ್ಕವರಿ ಗಾರ್ಡನ್ಸ್‌ನಲ್ಲಿ, ಮೂರನೇ ಮಹಡಿಯ ಒಂದು ಬೆಡ್‌ರೂಮಿನ ಫ್ಲ್ಯಾಟು. ಗಂಡ ಮೈಸೂರಿನವನು. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಅವನ ಆಫೀಸು, ದಿನಾ ಕಾರಿನಲ್ಲಿ ಹೋಗಿ ಬರುತ್ತಿದ್ದ. ಅತ್ತೆಯ ಕನ್ನಡ ಅವನಿಗೆ ಅರ್ಥವಾಗಲು ಮೊದಲ ವಾರವೆಲ್ಲ ನಾನೇ ನಡುವೆ ನಿಂತು ಅನುವಾದ ಮಾಡಬೇಕಾಯಿತು. ಕನ್ನಡದಿಂದ ಕನ್ನಡಕ್ಕೆ!

ನಾನು ಜಬೆಲ್ ಅಲಿಯ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಹೆರಿಗೆ ರಜೆ ನಲವತ್ತೈದು ದಿನ, ಅಷ್ಟೇ. ಮಗಳಿಗೆ ಡಬ್ಬಿ ಹಾಲು ಒಗ್ಗಲಿಲ್ಲ. ಎರಡು ಸಲ ಕುಡಿಸಿ ನೋಡಿದೆವು, ಎರಡು ಸಲವೂ ಕಕ್ಕಿಕೊಂಡು, ಅತ್ತು ಅತ್ತು ನೀಲಿಯಾದಳು. ಸ್ವಲ್ಪ ದೊಡ್ಡವಳಾಗಲಿ, ಆಮೇಲೆ ನೋಡೋಣ ಎಂದರು ಡಾಕ್ಟರು. ಹಾಗಾಗಿ ನಾನು ಪಂಪಿನಲ್ಲಿ ಎದೆಹಾಲು ತೆಗೆದು, ಸಣ್ಣ ಪ್ಲಾಸ್ಟಿಕ್ ಪೊಟ್ಟಣಗಳಿಗೆ ತುಂಬಿ, ಮೇಲೆ ತಾರೀಖು ಬರೆದು ಫ್ರೀಜರಿನಲ್ಲಿ ಇಡತೊಡಗಿದೆ. ನಿದ್ದೆ ಬಿಟ್ಟು, ಬೆನ್ನು ನೋವು ನುಂಗಿಕೊಂಡು ಮೂವತ್ತೆಂಟು ಪೊಟ್ಟಣ ಮಾಡಿದ್ದೆ. ರಜೆ ಮುಗಿದು ಭಾನುವಾರ ನಾನು ಕೆಲಸಕ್ಕೆ ಹಾಜರಾಗಬೇಕಿತ್ತು, ಆಗ ಅಲ್ಲಿ ವಾರ ಶುರುವಾಗುತ್ತಿದ್ದದ್ದೇ ಭಾನುವಾರ. ನಾನು ಹೋದ ಮೇಲೆ ಮಗಳಿಗಿದ್ದದ್ದು ಆ ಮೂವತ್ತೆಂಟು ಪೊಟ್ಟಣ ಮಾತ್ರ.

ನಾನು ಪಂಪು ಹಿಡಿದು ಕೂತಾಗಲೆಲ್ಲ ಅಬ್ಬಿ ಮುಖ ತಿರುಗಿಸಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಒಂದೆರಡು ಸಲ ಫ್ರೀಜರ್ ತೆರೆದು ಆ ಪೊಟ್ಟಣಗಳನ್ನೇ ನೋಡುತ್ತಾ ನಿಂತದ್ದನ್ನೂ ಕಂಡಿದ್ದೆ. ಹಳೇ ಕಾಲದವಳು, ಇದೆಲ್ಲ ಅಸಹ್ಯ ಅನ್ನಿಸಿರಬೇಕು ಎಂದುಕೊಂಡೆ. ಅನ್ನಿಸಿದರೆ ಅನ್ನಿಸಲಿ ಎಂದು ಸುಮ್ಮನಾದೆ. ಕೇಳಲಿಲ್ಲ. ಬಾಣಂತಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ನನಗಂತೂ ಬಾಣಂತಿಯಾಗುವ ಮೊದಲೂ ಅಲ್ಲಿಯೇ ಇತ್ತು.

ಆ ವಾರ ಎಲ್ಲರ ವಾಟ್ಸಾಪಿನಲ್ಲೂ ಒಂದೇ ಸುದ್ದಿ: ದೊಡ್ಡ ಗಾಳಿಮಳೆ ಬರುತ್ತದೆ. ದುಬೈಯಲ್ಲಿ ಚಳಿಗಾಲಕ್ಕೆ ನಾಲ್ಕು ಹನಿ ಬಿದ್ದರೆ ಜನ ಬಾಲ್ಕನಿಗೆ ಬಂದು ಫೋಟೋ ತೆಗೆಯುತ್ತಾರೆ. ನಾನೂ ಅದೇ ಹುಮ್ಮಸ್ಸಿನಲ್ಲಿ ಅಬ್ಬಿಗೆ ಸುದ್ದಿ ಹೇಳಿದೆ. ಅವಳು ಎದ್ದು ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹಾಂಗಾರೆ ಕರೆಂಟ್ ಹೋತ್ತ್ ಕಾಣ್."

"ಇದ್ ದುಬೈ ಅಬ್ಬಿ. ಇಲ್ಲ್ ಕರೆಂಟ್ ಹೋತಿಲ್ಲೆ."

"ಗಾಳಿಗ್ ದುಬೈ ಯಾವ್ದ್, ಗಂಗೊಳ್ಳಿ ಯಾವ್ದ್ ಗೊತ್ತಿತ್ತಾ?"

ಅಂದಿನಿಂದ ನನ್ನ ಮನೆ ನನ್ನದಾಗಿ ಉಳಿಯಲಿಲ್ಲ. ಬಾತ್‌ರೂಮಿನ ಬಕೆಟುಗಳೆಲ್ಲ ತುಂಬಿದವು. ಗ್ರೋಸರಿಯಿಂದ ಮೇಣದಬತ್ತಿ, ಬೆಂಕಿಪೊಟ್ಟಣ ಬಂತು. ದೇರಾದ ಮೀನು ಮಾರ್ಕೆಟಿನಿಂದ ಅಂಜಲ್ ತಂದಿದ್ದ ಥರ್ಮಾಕೋಲ್ ಪೆಟ್ಟಿಗೆಯನ್ನು ನಾನು ಎಸೆಯಬೇಕೆಂದು ಹೊರಗಿಟ್ಟಿದ್ದೆ, ಅದು ತೊಳೆದು ಒಣಗಿ ಬಾಲ್ಕನಿಗೆ ವಾಪಸು ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಐಸು. ಲಬಾನ್ ಎಂಬ ಇಲ್ಲಿನ ಮಜ್ಜಿಗೆಯ ಖಾಲಿ ಬಾಟಲಿಗಳಿಗೆ, ಸಕ್ಕರೆ ತಂದ ಕವರುಗಳಿಗೆ ನೀರು ತುಂಬಿ, ಬಾಯಿ ಕಟ್ಟಿ, ನನ್ನ ಹಾಲಿನ ಪೊಟ್ಟಣಗಳ ಅಕ್ಕಪಕ್ಕ ತುರುಕಿದಳು. ಒಂದು ಗಟ್ಟಿಯಾದರೆ ಅದರ ಮೇಲೆ ಇನ್ನೊಂದು. ಮಂಗಳವಾರ ಸಂಜೆ ಮೂವತ್ತೆಂಟನೆಯ ಪೊಟ್ಟಣ ಇಡಲು ಹೋದರೆ ಒಂದು ಬೆರಳು ತೂರಿಸುವಷ್ಟೂ ಜಾಗವಿಲ್ಲ.

ಅಬ್ಬಿ ಮಗುವಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದಳು. ನಾನು ಗೊಣಗುತ್ತಾ ಕವರು, ಬಾಟಲಿಗಳನ್ನೆಲ್ಲ ಸಿಂಕಿಗೆ ಹಾಕಿ ಬಿಸಿನೀರಿನ ನಲ್ಲಿ ಬಿಟ್ಟೆ. ಇಡೀ ಮನೆ ಮೀನು ಮಾರ್ಕೆಟ್ ಆಗಿದೆ ಎಂದು ಅವಳಿಗೆ ಕೇಳುವ ಹಾಗೆಯೇ ಅಂದೆ. ಆ ಮಾತು ಹೇಳಬಾರದಿತ್ತು. ಶಾಲೆಗೆ ಹೋಗುವಾಗ ನನ್ನ ಬಟ್ಟೆಗೆ ಮೀನು ವಾಸನೆ ಬರುತ್ತದೆಂದು ಅವಳ ಜತೆ ನಡೆಯದೆ ಹತ್ತು ಹೆಜ್ಜೆ ಮುಂದೆ ಓಡುತ್ತಿದ್ದ ಹುಡುಗಿ ನಾನು. ಅವಳಿಗೆ ಅದು ನೆನಪಿತ್ತು, ನನಗೂ ಇತ್ತು. ಅವಳು ಎದ್ದು ಬಂದು ಸಿಂಕನ್ನು ನೋಡಿ, ವಾಪಸು ಮಗುವಿನ ಹತ್ತಿರ ಹೋದಳು. ಫ್ರೀಜರಿನ ಗೋಡೆಗೆ ಅಂಟಿ ಕಿತ್ತು ಬಾರದೆ ಉಳಿದ ಎರಡು ಲಬಾನ್ ಬಾಟಲಿ ಮಾತ್ರ ಒಳಗಿದ್ದವು.

ಬುಧವಾರ ಬೆಳಿಗ್ಗೆ ಗಂಡ ಅಬುಧಾಬಿಗೆ ಹೊರಟುಹೋದ. ಎಂಟು ಗಂಟೆಗೆ ಆಕಾಶ ಕಪ್ಪಾಯಿತು. ಅಂಥ ಗಾಳಿಯನ್ನು ನಾನು ಈ ಊರಲ್ಲಿ ಕಂಡಿರಲಿಲ್ಲ. ಎದುರು ಕಟ್ಟಡದ ಬಾಲ್ಕನಿಯಿಂದ ಬಟ್ಟೆ ಒಣಗಿಸುವ ಸ್ಟ್ಯಾಂಡೊಂದು ಹಾರಿ ಪಾರ್ಕಿಂಗಿಗೆ ಬಿತ್ತು. ಮಳೆ ಕಿಟಕಿಯ ಸಂದಿಯಿಂದ ಒಳಗೆ ಬರತೊಡಗಿತು. ಹತ್ತು ಗಂಟೆಯ ಹೊತ್ತಿಗೆ ಫ್ರಿಜ್ಜಿನ ಗುಂಯ್‌ಗುಡುವ ಸದ್ದು ನಿಂತಿತು. ಆ ಸದ್ದು ಇಷ್ಟು ವರ್ಷ ಇತ್ತೆಂಬುದು ಅದು ನಿಂತಾಗಲೇ ನನಗೆ ಗೊತ್ತಾದದ್ದು.

ಕೆಳಗೆ ಹೋಗಿ ವಾಚ್‌ಮನ್‌ನನ್ನು ಕೇಳಿದೆ. ಪ್ಯಾಂಟು ಮಂಡಿಯವರೆಗೆ ಮಡಚಿ ನೀರಿನಲ್ಲಿ ನಿಂತಿದ್ದ. "ಮೇಡಂ, ಮೀಟರ್ ರೂಮ್ ಮೇ ಪಾನಿ. ಬಿಜಲಿ ಮಾಫಿ, ಲಿಫ್ಟ್ ಮಾಫಿ, ಪಂಪ್ ಭೀ ಖಲಾಸ್" ಅಂದ. ಮೀಟರ್ ರೂಮಿಗೆ ನೀರು ನುಗ್ಗಿ ಕರೆಂಟು, ಲಿಫ್ಟು, ನೀರಿನ ಪಂಪು ಯಾವುದೂ ಇಲ್ಲ ಎಂದು. ಯಾವಾಗ ಬರುತ್ತದೆ ಎಂದರೆ ಆಕಾಶಕ್ಕೆ ಕೈ ತೋರಿಸಿದ.

ಮೂರು ಮಹಡಿ ಹತ್ತಿ ಬಂದವಳೇ ಫ್ರೀಜರ್ ತೆರೆದು ಪೊಟ್ಟಣ ಮುಟ್ಟಿ ನೋಡಿದೆ. ಕಲ್ಲಿನ ಹಾಗಿತ್ತು. ಹತ್ತು ನಿಮಿಷಕ್ಕೆ ಮತ್ತೆ ತೆರೆದೆ. ಮೂರನೇ ಸಲ ಕೈ ಹಾಕುವಾಗ ಅಬ್ಬಿ ನನ್ನ ಕೈ ಹಿಡಿದಳು.

"ಬಾಗ್ಲ್ ತೆಗುಕಾಗ. ತೆಗ್ದಾಂಗೆ ತಂಪೆಲ್ಲ ಹೊರಗ್ ಹೋತ್ತ್."

ಹೇಳಿದರೆ ಕೇಳುವ ಪೈಕಿ ನಾನಲ್ಲವೆಂದು ಅವಳಿಗೆ ಗೊತ್ತು. ತನ್ನ ಹಳೇ ಸೀರೆಯೊಂದನ್ನು ಫ್ರಿಜ್ಜಿಗೆ ಸುತ್ತು ಹಾಕಿ ಬಿಗಿದು, ಬಲೆ ಕಟ್ಟುವವರು ಹಾಕುವಂಥ ಗಂಟು ಹಾಕಿದಳು. ನಾನು ಸೋಫಾದಲ್ಲಿ ಕೂತು ಅತ್ತೆ. "ಕರೆಂಟ್ ಸಂಜಿಗ್ ಬಪ್ದಿಲ್ಲೆ ಅಬ್ಬಿ. ಎಲ್ಲ ನೀರಾತ್ತ್. ಭಾನ್ವಾರ ಇವ್ಳಿಗ್ ಎಂತ ಕೊಡುದ್? ಐಸ್ ಇದ್ದಿದ್ರೆ ಆತಿತ್. ನಾನೇ ಚೆಲ್ದೆ."

"ಆಯ್ತ್, ಚೆಲ್ದೆ. ಈಗ ಗಂಡಂಗ್ ಫೋನ್ ಮಾಡ್. ಬಪ್ಪಾಗ ಐಸ್ ತಪ್ಪುಕ್ ಹೇಳ್. ಉಪ್ಪೂ ಬೇಕ್."

ಐದು ಬೈಗಳನ್ನಾದರೂ ನಾನು ನಿರೀಕ್ಷಿಸಿದ್ದೆ, ಬಂದದ್ದು ಅಷ್ಟೇ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಗಂಡನಿಗೆ ಫೋನಿನಲ್ಲಿ ಹೇಳಿದರೆ, "ಈ ಮಳೇಲಿ ಐಸಾ? ಅತ್ತೆ ಏನಂದ್ರು, ಸರಿಯಾಗ್ ಕೇಳು" ಅಂದ. ಸರಿಯಾಗಿಯೇ ಕೇಳಿದ್ದೇನೆ ಎಂದು ರೇಗಿದೆ. ಅವನು ಮಧ್ಯಾಹ್ನವೇ ಹೊರಟ, ಆದರೆ ರಸ್ತೆಯ ತುಂಬ ನೀರು. ಮನೆ ಮುಟ್ಟುವಾಗ ಸಂಜೆ ಐದೂವರೆ. ಬಾಗಿಲಲ್ಲಿ ಒದ್ದೆಮುದ್ದೆಯಾಗಿ ನಿಂತಿದ್ದ, ಎರಡು ಕೈಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿದ ಐಸ್ ಚೀಲಗಳು, ಬಾಯಲ್ಲಿ ಕಾರಿನ ಕೀಲಿ. ಇವತ್ತು ಐಸ್ ಕೊಂಡ ಮೊದಲ ಗಿರಾಕಿ ನೀವೇ ಎಂದು ಬಂಕಿನವನು ನಕ್ಕನಂತೆ. ಉಳಿದ ಚೀಲಗಳಿಗೆಂದು ಇನ್ನೆರಡು ಸಲ ಮೂರು ಮಹಡಿ ಹತ್ತಿ ಇಳಿದ. ಶರ್ಟಿನ ಜೇಬಿನಲ್ಲಿ ಉಪ್ಪಿನ ಪೊಟ್ಟಣ ಭದ್ರವಾಗಿತ್ತು. ಆ ಹೊತ್ತು ಅವನ ಮೇಲೆ ನನಗೆ ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಇನ್ನೂ ಸ್ವಲ್ಪ ಬೆಳಕಿತ್ತು. ಅಬ್ಬಿ ಒಂದು ಮೇಣದಬತ್ತಿ ಹಚ್ಚಿಟ್ಟು ಥರ್ಮಾಕೋಲ್ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಚೀಲದೊಳಗಿನ ಐಸನ್ನು ಲಟ್ಟಣಿಗೆಯಿಂದ ಬಡಿದು ಪುಡಿ ಮಾಡಿದಳು. ತಳಕ್ಕೆ ಐಸು, ಅದರ ಮೇಲೆ ಒಂದು ಹಿಡಿ ಉಪ್ಪು, ಐಸು ಇನ್ನಷ್ಟು ಕೊರೆಯಲೆಂದು. ಸೀರೆಯ ಗಂಟನ್ನು ಒಂದೇ ಎಳೆತಕ್ಕೆ ಬಿಚ್ಚಿ, ಹಾಲಿನ ಪೊಟ್ಟಣಗಳನ್ನು ಐದೈದರಂತೆ ದಪ್ಪ ಕವರಿನಲ್ಲಿ ಕಟ್ಟಿ, ಬಂಗುಡೆ ಜೋಡಿಸುವ ಹಾಗೆ ತಲೆ ಬುಡ ಹೊಂದಿಸಿ ಇಟ್ಟಳು. ಮೇಲೆ ಐಸು, ಉಪ್ಪು, ಮತ್ತೆ ಪೊಟ್ಟಣ. ನಡುವೆ ಅವಳದೇ ಎರಡು ಲಬಾನ್ ಬಾಟಲಿ. ಎಲ್ಲೂ ಒಂದು ಸಂದಿ ಬಿಡಲಿಲ್ಲ. ಅವಳ ಕೈ ಕೆಲಸ ಮಾಡುವುದನ್ನು ನಾನು ಅಷ್ಟು ಹತ್ತಿರದಿಂದ ಕೂತು ನೋಡಿದ್ದು ಅದೇ ಮೊದಲು.

ಮುಚ್ಚಳ ಹಾಕಿ ಟೇಪು ಸುತ್ತಿದ ಮೇಲೆ, ಊರಿಗೆ ಕಳಿಸಲೆಂದು ನಾವು ಕೊಂಡಿಟ್ಟಿದ್ದ ಎರಡು ದಪ್ಪ, ಮೆತ್ತನೆಯ ಮಿಂಕ್ ಕಂಬಳಿಗಳನ್ನು ಎಳೆದು ತಂದು ಪೆಟ್ಟಿಗೆಗೆ ಹೊದೆಸತೊಡಗಿದಳು. ನಾನು ಕಿರುಚಿದೆ. "ಅಬ್ಬಿ, ಬಿಸಿಯಾತ್ತ್! ಎಲ್ಲ ಕರಗ್ತ್!"

"ಕಂಬ್ಳಿ ಎಂತ ಬೆಂಕಿಯಾ? ಬಿಸಿ ಇಟ್ರೆ ಬಿಸಿ ಕಾಯ್ತ್, ತಂಪ್ ಇಟ್ರೆ ತಂಪ್ ಕಾಯ್ತ್."

ಇಂಜಿನಿಯರಿಂಗ್ ಓದಿದ ನನ್ನ ಗಂಡ ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದ. ಒಂದು ಗಳಿಗೆ ಮೊದಲು ಅವನೂ ನನ್ನ ಹಾಗೆಯೇ ಬಾಯಿ ತೆರೆದಿದ್ದನ್ನು ನಾನು ನೋಡಿದ್ದೆ.

ರಾತ್ರಿ ಮಗಳು ನನ್ನ ಎದೆಗೆ ಅಂಟಿ ಮಲಗಿದಳು, ನಾನು ಪೆಟ್ಟಿಗೆಯ ಪಕ್ಕ ಮಲಗಿದೆ. ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ ಮೂರಕ್ಕೆ. ಫ್ರಿಜ್ಜು ತಣ್ಣಗಾಗಲಿ ಎಂದು ಅಬ್ಬಿ ಇನ್ನೂ ಮೂರು ಗಂಟೆ ಕಾಯಿಸಿದಳು. ಆಮೇಲೆ ಟೇಪು ಕತ್ತರಿಸಿದೆವು. ಮೇಲಿನ ಸಾಲಿನಲ್ಲಿ ಏಳು ಪೊಟ್ಟಣ ಮೆತ್ತಗಾಗಿದ್ದವು. ಉಳಿದ ಮೂವತ್ತೊಂದು ಗಟ್ಟಿಯಾಗಿದ್ದವು, ಒಂದಕ್ಕೊಂದು ತಾಗಿಸಿದರೆ ಟಕ್ಕೆಂದು ಸದ್ದು ಬರುವಷ್ಟು.

ಏಳರಲ್ಲಿ ಒಂದನ್ನು ಮಗಳು ಆಗಲೇ ಕುಡಿದಳು. ಕರಗಿದ್ದನ್ನು ಮತ್ತೆ ಫ್ರೀಜರಿನಲ್ಲಿ ಇಡುವಂತಿಲ್ಲ, ಅಷ್ಟನ್ನೂ ಅವಳು ಕುಡಿಯುವುದೂ ಸಾಧ್ಯವಿರಲಿಲ್ಲ. ಉಳಿದದ್ದನ್ನು ಸಿಂಕಿಗೆ ಸುರಿಯೋಣ ಎಂದೆ, ಸಂತೋಷದಲ್ಲಿ ಮೈಮರೆತು. ಅಬ್ಬಿ ಪೊಟ್ಟಣಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಕರಿಬೇವಿನ ಕುಂಡದ ಮುಂದೆ ಕೂತಳು. ಒಂದೊಂದನ್ನೇ ತೆರೆದು, ನಿಧಾನವಾಗಿ, ಬುಡಕ್ಕೆ ಹೊಯ್ದಳು. ನಾನು ಪಕ್ಕದಲ್ಲಿ ಕೂತೆ.

"ನಾನ್ ಪಂಪ್ ಮಾಡುದ್ ಕಂಡ್ರೆ ನಿಂಗ್ ಅಸಹ್ಯ ಆತ್ತಾ ಅಬ್ಬಿ? ಎದ್ದ್ ಹೋತ್ಯಲ್ಲ?"

ಅವಳು ಕೈಯಲ್ಲಿದ್ದ ಪೊಟ್ಟಣವನ್ನು ಪೂರ್ತಿ ಹೊಯ್ದು ಮುಗಿಸಿದಳು. ಆಮೇಲೆ ಕುಂಡವನ್ನೇ ನೋಡುತ್ತಾ ಹೇಳಿದಳು. ನಾನು ಹುಟ್ಟಿ ತಿಂಗಳಾಗಿತ್ತಂತೆ. ಅಪ್ಪ ದೋಣಿಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ. ನನ್ನನ್ನು ಪಕ್ಕದ ಮನೆಯ ಅಜ್ಜಿಯ ಕೈಯಲ್ಲಿ ಕೊಟ್ಟು ಅವಳು ಬುಟ್ಟಿ ಹೊತ್ತಳು. ಹತ್ತು ಗಂಟೆ ಆಗುವಾಗ ಎದೆ ಕಲ್ಲಾಗುತ್ತಿತ್ತು, ರವಿಕೆ ಒದ್ದೆಯಾಗುತ್ತಿತ್ತು. ಯಾರದೋ ಹಿತ್ತಲಿಗೆ ಹೋಗಿ ತೆಂಗಿನಮರದ ಬುಡದಲ್ಲಿ ಕೂತು ಹಿಂಡಿ ಹಿಂಡಿ ಚೆಲ್ಲಿ, ಸೆರಗು ಮುಚ್ಚಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದಳು. ಆ ಹೊತ್ತಿಗೆ ನಾನು ಅಜ್ಜಿಯ ತೊಡೆಯ ಮೇಲೆ ಗಂಜಿ ತಿಳಿ ಕುಡಿಯುತ್ತಿದ್ದೆ.

"ಮೀನಿಗ್ ಐಸ್ ಇದ್ದಿತ್ ಮಗಾ," ಅಂದಳು. "ನಿಂಗ್ ಇರ್ಲಿಲ್ಲೆ."

ಖಾಲಿ ಪೊಟ್ಟಣಗಳನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ಅವಳು ಒಳಗೆ ಹೋದಳು. ನಾನು ಅಲ್ಲಿಯೇ ಕೂತಿದ್ದೆ. ಅವಳ ಮುಂದೆ ಹತ್ತು ಹೆಜ್ಜೆ ಓಡಿದ ದಿನಗಳೆಲ್ಲ ನೆನಪಾದವು. ತಪ್ಪಾಯಿತು ಎಂದು ಹೇಳಬೇಕೆನಿಸಿತು, ಎಲ್ಲಿಂದ ಶುರುಮಾಡುವುದೆಂದು ತಿಳಿಯಲಿಲ್ಲ. ಎದ್ದು ಹೋಗಿ ಸಕ್ಕರೆ ಕವರುಗಳಿಗೆ ನೀರು ತುಂಬಿ, ಬಾಯಿ ಕಟ್ಟಿ, ಫ್ರೀಜರಿನಲ್ಲಿ ಹಾಲಿನ ಸುತ್ತ ಇಟ್ಟೆ. ಅವಳು ನೋಡಿ, ಗಂಟು ಸಡಿಲವಾಯಿತೆಂದು ಎರಡನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಭಾನುವಾರ ಆಫೀಸಿಗೆ ಹೋದೆ. ಹತ್ತು ಗಂಟೆಗೆ ಎದೆ ಬಿಗಿಯತೊಡಗಿತು. ಪಂಪಿನ ಚೀಲ ಹಿಡಿದು ಸ್ಟೋರ್ ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು, ಪೇಪರಿನ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಮನೆಗೆ ಫೋನ್ ಮಾಡಿದೆ.

"ಕುಡ್ದಾಯ್ತ್," ಅಂದಳು ಅಬ್ಬಿ. "ಪೂರಾ ಕುಡ್ದಳ್. ಇನ್ನ್ ಮೂವತ್ತ್ ಇತ್ತ್. ನೀನ್ ಎಲ್ಲಿದ್ದೆ?"

"ಹಾಲ್ ತೆಗುಕ್ ಕೂತಿದ್ದೆ."

"ಚೆಲ್ಬೇಡ," ಅಂದಳು. "ಎಲ್ಲಾ ತಕಂಡ್ ಬಾ."